ವಾಚನಾಲಯದ ಬಾಗಿಲು ಹಸಿರೋ ನೀಲಿಯೋ

ಬಣ್ಣದಕ್ಕನ ಫೋನಿನ ಗಾಜಿನ ಮೇಲೆ ಯಾವಾಗಲೂ ಎರಡು ಮೂರು ಹನಿ ಬಣ್ಣ ಒಣಗಿ ಕೂತಿರುತ್ತಿತ್ತು. ಈ ವಾರ ಕೆನೆಬಣ್ಣವಾದರೆ ಮುಂದಿನ ವಾರ ಬೂದು. ಅಮ್ಮ ಈಗ ಯಾರ ಮನೆಯ ಗೋಡೆ ಹತ್ತಿದ್ದಾಳೆ ಅನ್ನುವುದನ್ನು ಮಗಳು ಆ ಹನಿ ನೋಡಿಯೇ ಹೇಳಿಬಿಡುತ್ತಿದ್ದಳು.

ಐವತ್ತೊಂದು ವರ್ಷದ ಹೆಂಗಸು. ಮನೆಗಳಿಗೆ ಬಣ್ಣ ಬಳಿಯುವುದು ಕಸುಬು. ಅಪ್ಪನದೂ ಅದೇ ಕಸುಬು. ಹದಿನೆಂಟನೇ ವಯಸ್ಸಿಗೆ ಅಪ್ಪನ ಏಣಿ ಹಿಡಿದುಕೊಂಡು ನಿಂತವಳು, ಅಪ್ಪ ತೀರಿಕೊಂಡ ಮೇಲೆ ಅದೇ ಏಣಿ ಹತ್ತಿದಳು. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಟೇಪು ಹಚ್ಚದೆ ಒಂದೇ ಉಸಿರಿಗೆ ನೇರ ಗೆರೆ ಎಳೆಯುವಷ್ಟು ಕೈ ಪಳಗಿತ್ತು. ಮಾತು ಮಾತ್ರ ಅಷ್ಟು ನೇರವಾಗಿ ಹೋಗುತ್ತಿರಲಿಲ್ಲ, ಸ್ವಲ್ಪ ಹೊರಗೆ ಚೆಲ್ಲುತ್ತಿತ್ತು. "ನಿಮ್ಮಮ್ಮನಿಗೆ ಕೋಪ ಮೂಗಿನ ತುದೀಲಿ ಇರೋದಲ್ಲ, ಮೂಗೇ ಅದು" ಅನ್ನುತ್ತಿದ್ದ ಗಂಡ ಮಗಳಿಗೆ. ಅವನು ಬಸ್ ಡಿಪೋದಲ್ಲಿ ಟೈರು ನೋಡಿಕೊಳ್ಳುವವನು. ಉಬ್ಬಿದ್ದು ಯಾವುದು, ಒಡೆಯುವುದು ಯಾವುದು ಅಂತ ಚೆನ್ನಾಗಿ ಗೊತ್ತಿದ್ದವನು.

ಬಾಗಿಲಿನ ಜಗಳಕ್ಕೆ ಕಾರಣವಾದದ್ದು ಊರಿನವರು ಫೋನಿನಲ್ಲಿ ಮಾಡಿಕೊಂಡಿದ್ದ ಒಂದು ಗುಂಪು. ಹಳೇ ಫೋಟೋ, ಹಳೇ ಮೇಷ್ಟರ ಸುದ್ದಿ, ಕಳೆದುಹೋದ ಬೆಕ್ಕು, ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಒಂದು ಬೆಳಿಗ್ಗೆ ವಾಚನಾಲಯ ನೋಡಿಕೊಳ್ಳುವ ಹೆಂಗಸು ಅಲ್ಲಿ ಒಂದು ಪ್ರಶ್ನೆ ಹಾಕಿದರು. "ನಮ್ಮ ವಾಚನಾಲಯಕ್ಕೆ ಅರವತ್ತು ವರ್ಷ ತುಂಬುತ್ತಿದೆ. ರಿಪೇರಿ ಮಾಡಿಸುತ್ತಿದ್ದೇವೆ. ಮುಂಬಾಗಿಲಿಗೆ ಮೊಟ್ಟಮೊದಲು ಯಾವ ಬಣ್ಣ ಇತ್ತು ಅಂತ ಯಾರಿಗಾದರೂ ನೆನಪಿದೆಯೇ?"

ಬಣ್ಣದಕ್ಕ ಆಗ ಒಂದು ಅಡುಗೆಮನೆಯ ಮೇಲ್ಛಾವಣಿಯ ಕೆಳಗೆ ಏಣಿಯ ಮೇಲಿದ್ದಳು. ಒಂದು ಕೈಯಲ್ಲಿ ಬ್ರಷ್ಷು ಹಿಡಿದುಕೊಂಡೇ ಇನ್ನೊಂದು ಹೆಬ್ಬೆರಳಲ್ಲಿ ಒತ್ತಿದಳು. "ಹಸಿರು. ನಮ್ಮಪ್ಪನೇ ಬಳಿದದ್ದು."

ಅವಳಿಗೆ ಅದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆರೋ ಏಳೋ ವರ್ಷವಿದ್ದಾಗ ಅಪ್ಪನ ಬೆರಳು ಹಿಡಿದು ಆ ವರಾಂಡ ಹತ್ತಿದ್ದಳು. ವರಾಂಡದ ಆಳದ ನೆರಳಲ್ಲಿ ಎತ್ತರದ ಬಾಗಿಲು, ಪಾಚಿ ಹಿಡಿದ ಕೊಳದ ಹಾಗೆ ಹಸಿರು. "ಇದು ನಾನು ಮಾಡಿದ್ದು ಕಣೇ" ಅಂದಿದ್ದರು ಅಪ್ಪ.

ಎರಡು ನಿಮಿಷದಲ್ಲಿ ಉತ್ತರ ಬಂತು. ಬರೆದವರ ಮುಖ ಕಾಣುವ ಜಾಗದಲ್ಲಿ ಒಂದು ಹಳೇ ಚಹಾ ಕೆಟಲಿನ ಚಿತ್ರವಿತ್ತು. "ನೀಲಿ. ಬಾಗಿಲು ತೆರೆದ ದಿನ ನಾನು ಅಲ್ಲಿದ್ದೆ."

"ಹಸಿರು ರೀ. ಬಳಿದವರ ಮಗಳು ನಾನು. ಇದು ಸಂಗತಿ."

"ಅದು ನಿಮ್ಮ ಅಭಿಪ್ರಾಯ."

ಈ ಒಂದು ಮಾತು ಅವಳನ್ನು ಏಣಿಯಿಂದ ಇಳಿಸಿತು. ಅಭಿಪ್ರಾಯವಂತೆ! ಸಾರಿಗೆ ಉಪ್ಪು ಸಾಕೋ ಬೇಕೋ ಅನ್ನುವುದು ಅಭಿಪ್ರಾಯ. ಕಣ್ಣಾರೆ ಕಂಡ ಬಾಗಿಲು ಹೇಗೆ ಅಭಿಪ್ರಾಯವಾಗುತ್ತದೆ? ಅವಳು ಬ್ರಷ್ಷನ್ನು ಡಬ್ಬಿಯೊಳಗೆ ನಿಲ್ಲಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ, ಎರಡೂ ಹೆಬ್ಬೆರಳಿಗೆ ಕೆಲಸ ಕೊಟ್ಟಳು. "ನಿಮ್ಮದು ಅಬಿಪ್ರಾಯ. ನನ್ನದು ಸಂಗತಿ."

"'ಅಭಿಪ್ರಾಯ'ಕ್ಕೆ ಮಹಾಪ್ರಾಣ ಬೇಕು" ಅಂತ ಬಂತು ಕೆಟಲಿನಿಂದ. "ಮಹಾಪ್ರಾಣ ತೆಗೆದರೆ ಅಭಿಪ್ರಾಯಕ್ಕೆ ಪ್ರಾಣವೇ ಇರುವುದಿಲ್ಲ."

ಅಲ್ಲಿಗೆ ಯುದ್ಧ ಶುರುವಾಯಿತು. ಒಂಬತ್ತು ದಿನ ನಡೆಯಿತು. ಊರೆಲ್ಲ ಅದರೊಳಗೆ ಬಂದು ಬಿತ್ತು. ನಿಘಂಟಿನ ಪುಟದ ಫೋಟೋ ತೆಗೆದು ಹಾಕಿದವರೊಬ್ಬರು. "ನನ್ನ ಪ್ರಕಾರ ಎರಡೂ ಒಂದೇ" ಅಂದವರೊಬ್ಬರು. "ಹಾಗಾದ್ರೆ ಭೂಮಿ ಗುಂಡಗಿರೋದೂ ನಿಮ್ಮ ಪ್ರಕಾರಾನಾ?" ಅಂತ ಅವರ ಮೇಲೆ ಎರಗಿದವರು ಇನ್ನೊಬ್ಬರು. ಬಾಗಿಲು ಕಂದು ಬಣ್ಣದ್ದು, ನಾನು ನೆನ್ನೆ ತಾನೇ ನೋಡಿದೆ ಅಂತ ವಾದಿಸಿದ ಒಬ್ಬ ಮಹಾನುಭಾವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಹೆಚ್ಚು ಜನ ಹೇಳಿದ್ದೇ ನಿಜ ಅಂತ ಯಾರೋ ಮತಕ್ಕೂ ಹಾಕಿದರು. ಹಸಿರಿಗೆ ನೂರ ಹನ್ನೆರಡು, ನೀಲಿಗೆ ತೊಂಬತ್ತು. ಬಣ್ಣದಕ್ಕ ಗೆದ್ದಳು. ಗೆದ್ದರೂ ಅವಳಿಗೆ ಖುಷಿಯಾಗಲಿಲ್ಲ. ಆ ನೂರ ಹನ್ನೆರಡು ಜನರಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಹತ್ತನೇ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗಳು ಫೋನನ್ನು ಅವಳ ಕೈಯಿಂದ ಮೆಲ್ಲಗೆ ಕಿತ್ತಿಟ್ಟಳು. ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು.

"ಅಮ್ಮಾ, ಒಂದು ಕೇಳ್ತೀನಿ, ಕೂಗಾಡಬಾರದು. ನಮ್ಮ ಡಾಕ್ಟ್ರು 'ಇವರಿಗೆ ರಕ್ತ ಕಮ್ಮಿ ಅನ್ಸುತ್ತೆ' ಅಂತ ಬರೆದು ಕಳಿಸ್ತಾರೆ. ಅದೇನು?"

"ಅಭಿಪ್ರಾಯ."

"ಸರಿ. ಎಷ್ಟು ಕಮ್ಮಿ ಅಂತ ನಾವು ನೋಡಿ ಹೇಳೋದು?"

"ಸಂಗತಿ."

"ನೋಡಿದ ಮೇಲೆ ಸಂಗತಿ. ಅದೂ ಒಂದೊಂದ್ಸಲ ತಪ್ಪಾಗುತ್ತೆ, ಅದಕ್ಕೇ ಅನುಮಾನ ಬಂದ್ರೆ ಇನ್ನೊಂದ್ಸಲ ನೋಡ್ತೀವಿ. ನೀನು ನೋಡಿದ್ಯಾ?"

"ನೋಡಿದೀನಿ ಅಂತಾನೇ ತಾನೇ ಇಷ್ಟು ದಿನ ಬಡ್ಕೊತಿರೋದು!"

"ಅದು ನಲವತ್ತೈದು ವರ್ಷದ ಹಿಂದೆ. ಅದು ನೆನಪು. ಅವರದೂ ನೆನಪು. ಬಾಗಿಲು ಎಲ್ಲೂ ಓಡಿಹೋಗಿಲ್ವಲ್ಲ, ಅಲ್ಲೇ ಇದೆ."

ಬಣ್ಣದಕ್ಕ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಮೂವತ್ಮೂರು ವರ್ಷದಿಂದ ಬಾಗಿಲುಗಳನ್ನು ಉಜ್ಜಿದ ಕೈ ಅವಳದು. ಹೊಸ ಬಣ್ಣ ಹಿಡಿಯಲಿ ಅಂತ ಹಳೆಯದನ್ನು ಉಜ್ಜಿ ಉಜ್ಜಿ ಧೂಳು ಮಾಡಿದ್ದಳು. ಆ ಧೂಳು ಯಾವ ಬಣ್ಣದ್ದು ಅಂತ ಒಂದು ದಿನವಾದರೂ ಕಣ್ಣಿಟ್ಟು ನೋಡಿದ್ದಳೇ?

ಅವತ್ತೇ ಗುಂಪಿನಲ್ಲಿ ಬರೆದಳು. "ಭಾನುವಾರ ಹತ್ತು ಗಂಟೆಗೆ ಬಾಗಿಲನ್ನೇ ಕೇಳೋಣ. ಕೆಟಲಿನವರು ಬರಬೇಕು." ಈ ಸಲ ಕಾಗುಣಿತವನ್ನು ಮಗಳ ಹತ್ತಿರ ತೋರಿಸಿಯೇ ಕಳಿಸಿದ್ದಳು.

"ಬರುತ್ತೇನೆ" ಅಂತ ಒಂದೇ ಪದ ಬಂತು.

ಭಾನುವಾರ ವರಾಂಡದಲ್ಲಿ ನಲವತ್ತು ಜನ ಸೇರಿದ್ದರು. ಕೆಟಲಿನವರು ಅಂದರೆ ಹೇಗಿರುತ್ತಾರೋ ಅಂತ ಬಣ್ಣದಕ್ಕ ಒಂಬತ್ತು ದಿನ ಮನಸ್ಸಿನಲ್ಲಿ ಒಂದು ದೊಡ್ಡ ಮೀಸೆಯ ಗಂಡಸನ್ನು ಬೈದಿದ್ದಳು. ಮುಂದೆ ಬಂದವರು ಒಣಕಲು ಮೈಯ, ಎಪ್ಪತ್ತೆರಡರ ಹಿರಿಯರು. ದಪ್ಪ ಕನ್ನಡಕ, ಜೇಬಿನಲ್ಲಿ ಕೆಂಪು ಪೆನ್ನು. ಅಚ್ಚುಕೂಟದಲ್ಲಿ ಐವತ್ತು ವರ್ಷ ಕರಡು ತಿದ್ದಿದವರಂತೆ. "ಮಹಾಪ್ರಾಣದ ವಿಷಯಕ್ಕೆ ಕ್ಷಮಿಸಿ. ಕೈ ತಡೆಯೋದಿಲ್ಲ" ಅಂದರು. ಅವಳಿಗೆ ಬೈಯಲು ಏನೂ ಉಳಿಯಲಿಲ್ಲ.

ಬಾಗಿಲು ಚೌಕಟ್ಟಿಗೆ ಕೂರುವ ಕೆಳಗಿನ ತಿರುಗಣಿಯ ಪಕ್ಕ, ಅಂಗೈಯಗಲದ ಜಾಗಕ್ಕೆ ವಾಚನಾಲಯದವರು ಒಪ್ಪಿಗೆ ಕೊಟ್ಟಿದ್ದರು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಧೂಳು ಒಳ್ಳೆಯದಲ್ಲ ಅಂತ ಬಣ್ಣದಕ್ಕ ಎಲ್ಲರನ್ನೂ ಹಿಂದೆ ಸರಿಸಿ, ಮೂಗಿಗೆ ಮಾಸ್ಕು ಕಟ್ಟಿ, ನೀರು ಹಚ್ಚಿ ಉಜ್ಜುವ ಕಾಗದ ತೆಗೆದುಕೊಂಡು ಮಂಡಿಯೂರಿದಳು. ಸುತ್ತ ಸುತ್ತ ಉಜ್ಜತೊಡಗಿದಳು. ನಡುವೆ ಹೆಚ್ಚು, ಅಂಚಿಗೆ ಕಮ್ಮಿ. ಮೊದಲು ಮೇಲಿನ ಕಂದು ತೆಳುವಾಯಿತು. ಅದರ ನಡುವೆ ಬೂದು ಬಣ್ಣದ ಚುಕ್ಕೆ ಎದ್ದಿತು, ಚುಕ್ಕೆ ಅಗಲವಾಯಿತು. ಅದರ ನಡುವೆ ಕೆನೆ. ಕೆನೆಯ ನಡುವೆ ಒಣರಕ್ತದ ಕೆಂಪು. ಕೆಂಪಿನ ನಡುವೆ ಬೆಣ್ಣೆಯಂಥ ತಿಳಿಹಳದಿ.

ಗದ್ದಲ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕತ್ತು ಚಾಚಿ ನೋಡತೊಡಗಿದರು. ಕಡಿದ ಮರದ ಉಂಗುರಗಳ ಹಾಗೆ ಒಂದರೊಳಗೊಂದು ಉಂಗುರ. "ಈ ಕೆಂಪು ಇದ್ದಾಗ ನನ್ನ ಮದುವೆ ಆಯ್ತು" ಅಂದಳು ಹಿಂದಿನಿಂದ ಒಬ್ಬ ಮುದುಕಿ. "ಬೂದು ಇದ್ದಾಗ ನಾನು ಇಲ್ಲೇ ಕೂತು ಪರೀಕ್ಷೆಗೆ ಓದಿದ್ದು" ಅಂದ ಇನ್ನೊಬ್ಬ. ಬಣ್ಣದಕ್ಕ ಕೈ ನಿಲ್ಲಿಸಿ ಬಗ್ಗಿ ನೋಡಿದಳು. ಕಾಗದದ ದಪ್ಪವೂ ಇಲ್ಲದ ಪದರಗಳು. ಒಂದೊಂದರಲ್ಲೂ ಹತ್ತು ಹತ್ತು ವರ್ಷ ಊರು ಬಂದು ಹೋಗಿದೆ. ಇಂಥದ್ದನ್ನು ಅವಳು ಮೂವತ್ಮೂರು ವರ್ಷ ಬಕೆಟ್ಟಿನ ನೀರಿಗೆ ತೊಳೆದು ಚೆಲ್ಲಿದ್ದಳು.

ಇನ್ನೂ ಮೆಲ್ಲಗೆ ಉಜ್ಜಿದಳು. ನಡುವೆ ಕಡ್ಡಿಯ ತುದಿಯಷ್ಟು ಹೊಸದೊಂದು ಬಣ್ಣ ಕಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಹಸಿರು.

ಅದರ ಕೆಳಗೆ ಮರಕ್ಕೆ ಮೊದಲು ಹಚ್ಚುವ ಬೂದಿಬಣ್ಣದ ಅಸ್ತರು, ಅದರ ಕೆಳಗೆ ಬರೀ ಮರ. ಅನುಮಾನವೇ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಕರಡಿನವರು ಬಗ್ಗಿ, ಕನ್ನಡಕ ಹಣೆಗೇರಿಸಿ, ತುಂಬಾ ಹೊತ್ತು ನೋಡಿದರು. ನೆಟ್ಟಗೆ ನಿಂತು, "ಹೌದು, ಹಸಿರು. ನನ್ನದು ತಪ್ಪು" ಅಂದರು. ಎಲ್ಲರಿಗೂ ಕೇಳುವ ಹಾಗೆಯೇ ಅಂದರು. ಆಮೇಲೆ ಗುಂಪಿನಲ್ಲೂ ಹಾಗೆಯೇ ಬರೆದರು. ಅದಾದ ಮೇಲೆ ಕೆಟಲಿನ ಚಿತ್ರ ಗುಂಪಿನಲ್ಲಿ ಕಾಣಿಸಿಕೊಳ್ಳಲಿಲ್ಲ.

ಗೆದ್ದವಳನ್ನು ಊರು ಒಂದು ವಾರ ಹೊಗಳಿತು. ಬಾಗಿಲಿಗೆ ಬಣ್ಣ ಬಳಿಯುವ ಕೆಲಸವನ್ನೂ ವಾಚನಾಲಯದವರು ಅವಳಿಗೇ ಒಪ್ಪಿಸಿದರು.

ಮೂರು ವಾರ ಕಳೆದು ಡಬ್ಬಿ, ಬ್ರಷ್ಷು ಹೊತ್ತು ಹೋದಾಗ ಬಾಗಿಲು ಜಾಗದಲ್ಲಿರಲಿಲ್ಲ. ಚೌಕಟ್ಟಿನ ಬುಡ ಹುಳು ತಿಂದಿದೆ ಅಂತ ಬಡಗಿ ಬಾಗಿಲನ್ನು ಕಳಚಿ ಹಿತ್ತಲಿನ ಗೋಡೆಗೆ ಒರಗಿಸಿದ್ದ. ಭಾನುವಾರದ ಮಾರನೇ ದಿನದಿಂದ ಅದು ಅಲ್ಲೇ ಇತ್ತು, ಮೈತುಂಬ ಬಿಸಿಲಿಗೆ ಒಡ್ಡಿಕೊಂಡು. ಬಣ್ಣದಕ್ಕ ತಿರುಗಣಿಯ ಪಕ್ಕಕ್ಕೆ ಬಗ್ಗಿದಳು.

ಉಂಗುರದ ನಡುವಿನ ಬಣ್ಣ ನೀಲಿಯಾಗಿತ್ತು.

ಸೆರಗಿನಲ್ಲಿ ಒರೆಸಿ ನೋಡಿದಳು, ನೀಲಿಯೇ. ಮರುಕ್ಷಣವೇ ಕೋಪ ಬಂತು. ಯಾರೋ ಬಂದು ನೀಲಿ ಮೆತ್ತಿ ಹೋಗಿದ್ದಾರೆ! ಯಾರು ಅಂತಲೂ ಅವಳಿಗೆ ಹೊಳೆದುಹೋಯಿತು. ಆ ಕೆಂಪು ಪೆನ್ನು, ಆ ಮೆತ್ತನೆಯ ಮಾತು! ಥಿನ್ನರಿನಲ್ಲಿ ಅದ್ದಿದ ಬಟ್ಟೆ ತಂದು ತಿಕ್ಕಿದಳು. ಹೊಸದಾಗಿ ಬಳಿದದ್ದಾದರೆ ಬಟ್ಟೆಗೆ ಬಣ್ಣ ಬರಬೇಕು. ಬಟ್ಟೆ ಬೆಳ್ಳಗೇ ಇತ್ತು. ಮತ್ತೆ ನೋಡಿದಳು. ಅವತ್ತು ಬೆಣ್ಣೆಯ ಹಾಗಿದ್ದ ಉಂಗುರ ಇವತ್ತು ಹಾಲಿನಷ್ಟು ಬಿಳಿ. ಇಷ್ಟು ತೆಳ್ಳನೆಯ ಉಂಗುರದ ಮೇಲೆ ಗೆರೆ ದಾಟದೆ ಬಿಳಿ ಬಳಿಯುವ ಕೈ ಈ ಊರಲ್ಲಿ ಒಂದೇ ಇರುವುದು. ಅದು ತನ್ನದು.

ಕಾಗದ ತೆಗೆದಳು. ಒಂದು ಗೇಣು ಆಚೆಗೆ ಹೊಸ ಜಾಗ ಉಜ್ಜಿದಳು. ಕಂದು, ಬೂದು, ಕೆನೆ, ಕೆಂಪು, ಬೆಣ್ಣೆ. ಕೊನೆಗೆ ಹಸಿರು.

ಒಂದೇ ಬಾಗಿಲು, ಒಂದೇ ಪದರ, ಗೇಣು ದೂರದಲ್ಲಿ ಎರಡು ಕಣ್ಣು. ಒಂದು ಹಸಿರು, ಒಂದು ನೀಲಿ. ಹಿತ್ತಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಣ್ಣದಕ್ಕ ಬಕೆಟ್ಟು ಮಗುಚಿ ಅದರ ಮೇಲೆ ಕೂತುಬಿಟ್ಟಳು.

ಅಲ್ಲಿಂದ ನೇರ ಹೋದದ್ದು ಬಣ್ಣದಂಗಡಿಯ ಮುದುಕರ ಹತ್ತಿರ. ಅಪ್ಪನ ಕಾಲದವರು, ಪುಡಿಯನ್ನು ಎಣ್ಣೆಯಲ್ಲಿ ಅರೆದು ಬಣ್ಣ ಮಾಡುತ್ತಿದ್ದ ಕೈ. ಕೇಳಿ ಅವರು ನಕ್ಕರು.

"ಆಗೆಲ್ಲ ಅಗಸೆ ಎಣ್ಣೇಲಿ ಕಲೆಸ್ತಿದ್ವಿ ಕಣಮ್ಮ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿ ತಿರುಗುತ್ತೆ. ಬಿಸಿಲಿಗೆ ಬಿದ್ರೆ ಹಳದಿ ಬಿಟ್ಟುಕೊಡುತ್ತೆ. ಬಿಳಿ ಬಾಗಿಲು ಹಳದಿಯಾಯ್ತು ಅಂತ ಜನ ಜಗಳಕ್ಕೆ ಬಂದ್ರೆ, ನಿಮ್ಮಪ್ಪ ನಾಲ್ಕು ದಿನ ಬಿಸಿಲಿಗೆ ಇಡಿ ಅಂತಿದ್ದ."

"ನೀಲಿ ಬಣ್ಣ ಆದ್ರೆ?"

"ನೀಲಿಗೆ ಹಳದಿ ಬೆರೆಸಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾ ನಿಂಗೆ?"

ಮನೆಗೆ ಬಂದು ಮಗಳಿಗೆ ಹೇಳಿದಳು. ಮಗಳ ಕಣ್ಣು ಅರಳಿದವು, ಆದರೆ ಬಾಯಿಗೆ ಬಂದದ್ದು ಲ್ಯಾಬಿನ ಮಾತೇ. "ಅಂಗಡಿ ಅಜ್ಜ ಹೇಳಿದ್ದೂ ಬರೀ ಮಾತೇ. ನೋಡಿಬಿಡೋಣ." ಹೊಸದಾಗಿ ಉಜ್ಜಿದ ಜಾಗದ ಅರ್ಧಕ್ಕೆ ಕಪ್ಪು ಟೇಪು ಹಚ್ಚಿದರು. ಅರ್ಧ ಬಿಸಿಲಿಗೆ ಬಿಟ್ಟರು. ಬಾಗಿಲಿಗೆ ಬಣ್ಣ ಇನ್ನೂ ತಡವಾಗುತ್ತದೆ ಅಂತ ವಾಚನಾಲಯಕ್ಕೆ ಹೇಳಿ ಕಳಿಸಿದರು.

ಆ ಹದಿನೈದು ದಿನ ಅವಳು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಬಂದಳು. ಮೋಡ ಕವಿದರೆ ಆಕಾಶವನ್ನು ಬೈದಳು. ಒಂದೊಂದು ದಿನಕ್ಕೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಆದರೂ ಏನೋ ನಡೆಯುತ್ತಿತ್ತು. ಹದಿನಾರನೇ ದಿನ ಗಂಡನೂ ಡಿಪೋಗೆ ರಜೆ ಹಾಕಿ ಬಂದ. ಮೂವರೂ ನಿಂತಿದ್ದ ಹಾಗೆ ಬಣ್ಣದಕ್ಕ ಉಗುರಲ್ಲಿ ಟೇಪಿನ ತುದಿ ಎಬ್ಬಿಸಿ ಎಳೆದಳು.

ಟೇಪಿನ ಕೆಳಗೆ ಹಸಿರು. ಆಚೆಗೆ ನೀಲಿ. ನಡುವೆ ಕತ್ತರಿಸಿದಷ್ಟು ನೇರವಾದ ಗೆರೆ. ಆ ನೀಲಿ ಅವಳ ಯಾವ ಡಬ್ಬಿಯಲ್ಲೂ ಇರದ ನೀಲಿ. ಮುಂಜಾನೆಯ ಬೆಳಕು ಇನ್ನೂ ಪೂರ್ತಿ ಬರುವ ಮುಂಚಿನ ಆಕಾಶದ್ದು.

ಗಂಡ ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದ. ಕೊನೆಗೆ ಪಿಸುಮಾತಿನಲ್ಲಿ "ಹಂಗಾದ್ರೆ ಅದು ಅಷ್ಟೂ ವರ್ಷ ಒಳಗೇ ಇತ್ತು" ಅಂದ.

ಗೆದ್ದವಳಿಗೆ ಅದನ್ನು ಬರೆಯುವುದು ಸುಲಭವಾಗಿರಲಿಲ್ಲ. ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಸುಮ್ಮನೆ ಮೇಲೊಂದು ಕೋಟು ಬಳಿದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ನೀಲಿಯನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅವಳಿಂದಾಗಲಿಲ್ಲ. ಫೋಟೋ ಹಾಕಿ ಬರೆದಳು. "ಬಾಗಿಲು ನೀಲಿ. ಕೆಟಲಿನವರು ಹೇಳಿದ್ದು ಸರಿ. ಚಿಕ್ಕವಳಿದ್ದಾಗ ನಾನು ಹಸಿರು ಕಂಡದ್ದೂ ಸುಳ್ಳಲ್ಲ. ಆಗಿನ್ನೂ ಅದರ ಮೇಲೆ ಬೇರೆ ಬಣ್ಣ ಬಿದ್ದಿರಲಿಲ್ಲ, ಆದರೆ ನೆರಳಲ್ಲಿ ನಿಂತು ಅಷ್ಟು ವರ್ಷದಲ್ಲಿ ನೀಲಿಗೆ ಹಳದಿ ತಿರುಗಿತ್ತು. ನಾನು ಎರಡು ಸಲ ಕಣ್ಣಾರೆ ನೋಡಿ ಎರಡು ಸಲವೂ ಮೋಸ ಹೋದೆ. ಎಲ್ಲರೂ ಬಂದು ನೋಡಿ."

ಮಾರನೇ ದಿನ ಬೆಳಿಗ್ಗೆ ಅವಳು ಹೋಗುವ ಹೊತ್ತಿಗೆ ಕರಡಿನವರು ಆಗಲೇ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕನ್ನಡಕ ಹಣೆಯ ಮೇಲಿತ್ತು.

"ಇದೇ. ಇದೇ ನೀಲಿ. ಆ ಭಾನುವಾರ ಮನೆಗೆ ಹೋಗಿ ನನ್ನ ಹೆಂಡತಿಗೆ ಹೇಳಿದೆ, ಐವತ್ತು ವರ್ಷ ಊರಿನವರ ತಪ್ಪೆಲ್ಲ ತಿದ್ದಿದೆ, ನನ್ನ ತಲೆಯೊಳಗಿನ ತಪ್ಪು ಗೊತ್ತಾಗಲಿಲ್ಲ ನೋಡು ಅಂತ. ಅದು ತಪ್ಪಾದ್ರೆ ಮಿಕ್ಕಿದ್ದೂ ತಪ್ಪೇ ಇರಬೇಕಲ್ಲ? ನಮ್ಮಮ್ಮನ ಮುಖ, ಶಾಲೆಗೆ ಹೋಗೋ ದಾರಿ..."

"ಅಯ್ಯೋ, ಅಷ್ಟೆಲ್ಲ ಯೋಚನೆ ಮಾಡಿದ್ರಾ? ನಾನು ನಿಮ್ಮ ಬಾಯಿ ಮುಚ್ಚಿಸಿದೆ ಅಂತ ಮೆರೀತಿದ್ದೆ."

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ." ಅವರು ಎದ್ದು ನಿಂತು ಮಂಡಿ ಒರೆಸಿಕೊಂಡರು. "ನಿಮಗೊಂದು ಹೇಳಬೇಕು. ನನಗಾಗ ಹನ್ನೆರಡು ವರ್ಷ. ಬಾಗಿಲು ತೆರೆಯೋಕೆ ನಾಲ್ಕು ದಿನ ಮುಂಚೆ ಇಲ್ಲಿ ಒಬ್ಬ ಹುಡುಗ ಸ್ಟೂಲು ಹಾಕಿಕೊಂಡು ಬಣ್ಣ ಬಳೀತಿದ್ದ. ಇಪ್ಪತ್ತು ಇಪ್ಪತ್ತೆರಡು ಇರಬಹುದು. ಹೊರಗೆ ನಿಂತು ನೋಡ್ತಿದ್ದೆ. ಎಡಗೈಲಿ ಬಳೀತಿದ್ದ. ಕೆಳಗಿಂದ ಮೇಲಕ್ಕೆ ಎಳೆಯೋವಾಗ ಉಸಿರು ಹಿಡಿದುಕೊಳ್ತಿದ್ದ, ಬ್ರಷ್ಷು ಎತ್ತಿದ ಮೇಲೆ 'ಹಾ' ಅಂತ ಬಿಡ್ತಿದ್ದ. ನಾನೂ ಅವನ ಜೊತೆ ಉಸಿರು ಹಿಡಿದುಕೊಂಡು ನಿಂತಿದ್ದೆ. ಅದು ನಿಮ್ಮಪ್ಪನೇನಾ?"

ಬಣ್ಣದಕ್ಕ ಹೌದೆಂದು ತಲೆಯಾಡಿಸಿದಳು. ಅಪ್ಪ ಎಡಗೈಯವರು. ಇದನ್ನು ಅವಳು ಗುಂಪಿನಲ್ಲಿ ಎಲ್ಲೂ ಬರೆದಿರಲಿಲ್ಲ. ಉಸಿರು ಹಿಡಿದು ಗೆರೆ ಎಳೆಯುವುದನ್ನು ಅಪ್ಪ ಅವಳಿಗೆ ಕಲಿಸಿದ್ದರು. ಆದರೆ ಕಲಿಸುವ ಹೊತ್ತಿಗೆ ಅಪ್ಪನಿಗೆ ಆಗಲೇ ತಲೆ ನರೆತಿತ್ತು. ಇಪ್ಪತ್ತು ವರ್ಷದ ಅಪ್ಪನನ್ನು ಕಂಡ ಕಣ್ಣು ಇನ್ನೂ ಊರಲ್ಲಿದೆ, ಅದರ ಜೊತೆಗೇ ತಾನು ಒಂಬತ್ತು ದಿನ ಕಚ್ಚಾಡಿದ್ದೆ ಅನ್ನುವುದು ಅವಳ ತಲೆಗೆ ಇಳಿಯಲು ಹೊತ್ತಾಯಿತು.

"ಬಾಗಿಲು ಮುಗಿದ ಮೇಲೆ ಅವನು ಹಿಂದೆ ಹಿಂದೆ ಹೆಜ್ಜೆ ಇಟ್ಟು, ರಸ್ತೆ ಮಧ್ಯೆ ನಿಂತು ನೋಡಿದ" ಅಂದರು ಅವರು. "ಒಂದು ಬಸ್ಸು ಹಾರ್ನ್ ಹೊಡೀತಾ ನಿಂತಿತ್ತು. ಅವನು ಕದಲಲಿಲ್ಲ. ಇದಕ್ಕೆ ಮಾತ್ರ ನನ್ನ ಹತ್ತಿರ ಸಾಕ್ಷಿ ಇಲ್ಲಮ್ಮ."

"ಇರಲಿ ಬಿಡಿ" ಅಂದಳು ಬಣ್ಣದಕ್ಕ. "ಆಮೇಲೆ? ಆಮೇಲೆ ಏನು ಮಾಡಿದ?"

ಅವರು ನೆನಪಿದ್ದಷ್ಟನ್ನೂ ಹೇಳಿದರು. ನೆನಪಿಲ್ಲದ ಕಡೆ ನೆನಪಿಲ್ಲ ಅಂದರು. ಒಂದು ಮಾತನ್ನೂ ಸೇರಿಸಿ ಹೇಳಲಿಲ್ಲ ಅನ್ನುವುದು ಅವಳಿಗೆ ಕೇಳುತ್ತಲೇ ಗೊತ್ತಾಗುತ್ತಿತ್ತು.

ಬಾಗಿಲಿಗೆ ಈಗ ಯಾವ ಬಣ್ಣ ಬಳಿಯಬೇಕು ಅಂತ ಗುಂಪಿನಲ್ಲಿ ಮತ್ತೆ ಗದ್ದಲವೆದ್ದಿತು. ಅದಕ್ಕೆ ಬಣ್ಣದಕ್ಕ ತಲೆ ಹಾಕಲಿಲ್ಲ. ಇದು ಮಾತ್ರ ನಿಜವಾಗಿ ಅಭಿಪ್ರಾಯದ ವಿಷಯ, ಎಷ್ಟು ಬೇಕಾದರೂ ಕೂಗಾಡಿಕೊಳ್ಳಲಿ ಅಂತ ಬಿಟ್ಟಳು. ನೀಲಿ ಅಂತ ತೀರ್ಮಾನವಾಯಿತು. ಆ ನೀಲಿಗೆ ಹೊಂದಿಸಲು ಅವಳಿಗೆ ಹನ್ನೊಂದು ಸಲ ಬೆರೆಸಬೇಕಾಯಿತು.

ಮುಂದಿನ ತಿಂಗಳು ಒಬ್ಬ ಟೈಲರ್ ಹೆಂಗಸಿನ ಹಳೇ ಮನೆಯಲ್ಲಿ ಕೆಲಸ ಸಿಕ್ಕಿತು. ಮಲಗುವ ಕೋಣೆಯ ಬಿಳಿ ಗೋಡೆಗೆ ಮತ್ತೆ ಬಿಳಿ. ಬಣ್ಣದಕ್ಕ ಡಬ್ಬಿ ತೆರೆಯುವ ಮುಂಚೆ ಕಿಟಕಿಯ ಪಕ್ಕ ಅಂಗೈಯಗಲ ಉಜ್ಜಿದಳು. "ಅಲ್ಲೇನು ಮಾಡ್ತಿದೀರಿ?" ಅಂತ ಟೈಲರ್ ಹೊಲಿಗೆ ಬಿಟ್ಟು ಬಂದಳು. ಬಿಳಿಯ ಕೆಳಗೆ ಬಿಳಿ, ಅದರ ಕೆಳಗೆ ತಿಳಿ ಗುಲಾಬಿ. ಗುಲಾಬಿಯ ಮೇಲೆ, ಯಾರೋ ಕೈಯಲ್ಲೇ ಬಿಡಿಸಿದ ಒಂದು ಹಕ್ಕಿಯ ರೆಕ್ಕೆಯ ತುದಿ.

"ಇದು ಯಾರು ಬರೆದದ್ದು?" ಅಂದಳು ಟೈಲರ್. "ನಾನು ಹುಟ್ಟಿದ್ದೇ ಈ ಕೋಣೆಯಲ್ಲಿ. ಇಲ್ಲಿ ಹಕ್ಕಿ ಇತ್ತು ಅಂತ ಯಾರೂ ಹೇಳಿಲ್ಲ."

"ಗೊತ್ತಿಲ್ಲ" ಅಂದಳು ಬಣ್ಣದಕ್ಕ. "ಪೂರ್ತಿ ನೋಡೋಣವಾ?"

ಟೈಲರ್ ಕುರ್ಚಿ ಎಳೆದುಕೊಂಡು ಬಂದು ಕೂತಳು. ಬಣ್ಣದಕ್ಕ ಕಾಗದವನ್ನು ನೀರಿಗೆ ಅದ್ದಿದಳು.